ಶುಗರ್ ಇಳಿದ ಬೆಳಿಗ್ಗೆ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಸಾಕು, ಮನೆಮಂದಿಯೆಲ್ಲ ಡಾಕ್ಟರಾಗಿಬಿಡುತ್ತಾರೆ. ಒಬ್ಬರು ಅನ್ನ ಬಿಡು ಎನ್ನುತ್ತಾರೆ. ಇನ್ನೊಬ್ಬರು ಹಣ್ಣು ಮುಟ್ಟಬೇಡ ಎನ್ನುತ್ತಾರೆ. ಪಕ್ಕದ ಮನೆಯವರು ಯಾವುದೋ ಕಹಿ ಕಷಾಯ ತಂದು ಬಾಯಿಗೆ ಹಿಡಿಯುತ್ತಾರೆ. ಕಾಯಿಲೆ ಬಂದವನ ಹೊಟ್ಟೆ ಏನು ಹೇಳುತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಬೀದಿಯ ಕಟಿಂಗ್ ಅಂಗಡಿಯವನ ಮನೆಯಲ್ಲೂ ಹೀಗೇ ಆಯಿತು.

ಅವನಿಗೆ ಐವತ್ತು ದಾಟಿತ್ತು. ಬೆಳಗಿನಿಂದ ಸಂಜೆಯ ತನಕ ನಿಂತೇ ಕೆಲಸ. ಕೆಲವು ತಿಂಗಳಿಂದ ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಪ್ಯಾಂಟು ಸಡಿಲವಾಯಿತು. ಗಿರಾಕಿಗಳು "ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ" ಎಂದರು. ಅವನೂ ಹಿಗ್ಗಿದ. ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. ಬಿಡದೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಮಾತ್ರೆ ಬರೆದುಕೊಟ್ಟರು, ಊಟದ ಜೊತೆ ತಗೋ ಎಂದು ಹೇಳಿ ಕಳಿಸಿದರು.

ಅವನ ಅಕ್ಕನೂ ಅದೇ ಮನೆಯಲ್ಲಿದ್ದಳು. ಬೀದಿಗೆಲ್ಲ ಅವಳು ದೊಡ್ಡಕ್ಕ. ಅಂಗಡಿಯ ಟವೆಲ್ಲುಗಳನ್ನು ಒಗೆದು, ಒಣಗಿಸಿ, ಮಡಚಿ ಕೊಡುವುದು ಅವಳ ಕೆಲಸ. ಅವರ ತಾಯಿಗೂ ಇದೇ ಕಾಯಿಲೆ ಇತ್ತು. ಹೆಬ್ಬೆರಳಿನ ಒಂದು ಸಣ್ಣ ಗಾಯ ಮಾಯದೆ, ಕೊನೆಗೆ ಪಾದವನ್ನೇ ತೆಗೆಯಬೇಕಾಗಿ ಬಂದಿತ್ತು. ಆಗ ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಈ ದೊಡ್ಡಕ್ಕನೇ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ.

ಹೀಗಾಗಿ ತಮ್ಮನಿಗೂ ಅದೇ ಕಾಯಿಲೆ ಎಂದು ಕೇಳಿದಾಗ ಅವಳು ಅಳಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆದಳು.

"ಇನ್ಮೇಲೆ ಇವನ ತಟ್ಟೆ ನನ್ನ ಕೈಲಿ" ಎಂದಳು.

ಅಂದಿನಿಂದ ಅವನ ಊಟ ಇಳಿಯುತ್ತಾ ಬಂತು. ಮೊದಲು ರಾತ್ರಿಯ ಅನ್ನ ಹೋಯಿತು. ಆಮೇಲೆ ಬೆಳಗಿನ ತಿಂಡಿ ಹೋಗಿ ಅದರ ಜಾಗಕ್ಕೆ ಒಂದು ಲೋಟ ಕಷಾಯ ಬಂತು. ಮಾತ್ರೆ ಮಾತ್ರ ತಪ್ಪಲಿಲ್ಲ.

ಹೆಂಡತಿ ಒಂದು ದಿನ ಧೈರ್ಯ ಮಾಡಿ ಕೇಳಿದಳು. "ಅಕ್ಕ, ಖಾಲಿ ಹೊಟ್ಟೇಲಿ ಮಾತ್ರೆ ನುಂಗ್ತಾರಲ್ಲ. ಊಟದ ಜೊತೆ ಅಂದಿದ್ರು ಡಾಕ್ಟರು."

"ಮಾತ್ರೆ ಕೊಟ್ಟಿರೋದು ಯಾತಕ್ಕೆ? ಶುಗರ್ ಇಳಿಸೋಕೆ. ಊಟ ಹಾಕಿದ್ರೆ ಏರುತ್ತೆ. ಏರಿಸೋದೂ ನಾವೇ, ಇಳಿಸೋದೂ ನಾವೇ ಅಂದ್ರೆ ಹೇಗಮ್ಮ?"

ಕೇಳಿದರೆ ಸರಿಯೆಂದೇ ತೋರುವ ಮಾತು. ಅಂಗಡಿಯವನಿಗೆ ಕಾಯಿಲೆಯ ಭಯ ಒಂದು ಕಡೆ, ಅಕ್ಕನ ಭಯ ಇನ್ನೊಂದು ಕಡೆ. ಮುಂದಿನ ಪರೀಕ್ಷೆಯಲ್ಲಿ ಒಳ್ಳೆ ಫಲಿತಾಂಶ ಬಂದುಬಿಟ್ಟರೆ ಸಾಕು ಎಂದು ಅವನೇ ಇನ್ನಷ್ಟು ಹೊಟ್ಟೆ ಕಟ್ಟಿದ.

ಹೀಗಿರುವಾಗ ಒಂದು ಬೆಳಿಗ್ಗೆ ವಾಚ್ ರಿಪೇರಿ ಅಂಗಡಿಯವರು ಶೇವಿಂಗಿಗೆ ಬಂದು ಕುರ್ಚಿಯಲ್ಲಿ ಕೂತರು. ಅವರು ಎದುರು ಸಾಲಿನ ಅಂಗಡಿಯವರು, ಇವನಿಗಿಂತ ಹತ್ತು ವರ್ಷ ದೊಡ್ಡವರು. ಅವರಿಗೂ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಆದರೆ ಅವರು ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ.

ಅಂಗಡಿಯವನು ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಸಿದ. ಗಲ್ಲದ ಕೆಳಗೆ ಬಂದಾಗ ಕತ್ತಿ ನಿಂತಿತು. ವಾಚಿನವರು ಕನ್ನಡಿಯಲ್ಲಿ ನೋಡಿದರು. ಫ್ಯಾನ್ ತಿರುಗುತ್ತಿದ್ದರೂ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಖ ಬಿಳಿಚಿತ್ತು. ಕತ್ತಿ ಹಿಡಿದ ಕೈ ನಡುಗುತ್ತಿತ್ತು.

"ಇವತ್ತು ಯಾವ ವಾರ?" ಎಂದು ಅವನು ಕೇಳಿದ.

"ಗುರುವಾರ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. "ಇವತ್ತು ಯಾವ ವಾರ?"

ವಾಚಿನವರು ಕತ್ತು ಅಲುಗಿಸದೆ, ಮೆಲ್ಲಗೆ ಕೈ ಎತ್ತಿ ಅವನ ಮಣಿಕಟ್ಟು ಹಿಡಿದರು. "ಕತ್ತಿ ಕೆಳಗಿಡು."

"ಯಾಕೆ? ನನಗೆ ಕೆಲಸ ಬರಲ್ವಾ?" ಅವನು ಯಾವ ಗಿರಾಕಿಯ ಮೇಲೂ ಹೀಗೆ ಸಿಡುಕಿದವನಲ್ಲ.

"ನಿನಗೆ ಬರದೆ ಇನ್ಯಾರಿಗೆ ಬರುತ್ತಪ್ಪ. ಕೆಳಗಿಡು, ಆಮೇಲೆ ಜಗಳ ಆಡೋಣ."

ಕತ್ತಿ ಮೇಜಿನ ಮೇಲೆ ಬಂದದ್ದೇ ಅವರು ಎದ್ದು ತಮ್ಮ ಜಾಗದಲ್ಲಿ ಅವನನ್ನು ಕೂರಿಸಿದರು. "ಬೆಳಿಗ್ಗೆ ಏನು ತಿಂದೆ?"

"ಮಾತ್ರೆ."

"ಅದರ ಜೊತೆಗೆ?"

"ಕಷಾಯ."

ಅವರು ಬಾಗಿಲಿಗೆ ಹೋಗಿ ಪಕ್ಕದ ಟೀ ಅಂಗಡಿಗೆ ಕೂಗಿ ಹೇಳಿದರು. "ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಸಿ ಕೊಡಪ್ಪ. ಬೇಗ."

ಲೋಟ ಬಂತು. ಅದನ್ನು ಅವನ ತುಟಿಗೆ ಹಿಡಿಯುವಷ್ಟರಲ್ಲಿ ದೊಡ್ಡಕ್ಕ ಒಗೆದ ಟವೆಲ್ಲುಗಳನ್ನು ತಬ್ಬಿಕೊಂಡು ಒಳಗೆ ಬಂದಳು.

"ಏನದು?"

"ಸಕ್ಕರೆ ನೀರು."

ಟವೆಲ್ಲುಗಳು ಕೂದಲ ರಾಶಿಯ ಮೇಲೆ ಬಿದ್ದವು. ಅವಳು ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಅವನಿಗೆ ಶುಗರ್ ಇದೆ. ಗೊತ್ತಿದ್ದೂ ಗೊತ್ತಿದ್ದೂ ವಿಷ ಹಾಕ್ತೀರಾ?"

"ದೊಡ್ಡಕ್ಕ, ಇವನಿಗೆ ಈಗ ಶುಗರ್ ಜಾಸ್ತಿ ಆಗಿಲ್ಲ. ತೀರಾ ಕಮ್ಮಿ ಆಗಿದೆ. ಕೈ ಮುಟ್ಟಿ ನೋಡಿ."

ಅವಳು ಮುಟ್ಟಿದಳು. ನೀರಿನಿಂದ ಎತ್ತಿದ ಹಾಗೆ ತಣ್ಣಗೆ, ಒದ್ದೆಯಾಗಿತ್ತು.

"ನಾನೂ ಒಂದು ಸಲ ಹೀಗೇ ಊಟ ಬಿಟ್ಟು ಮಾತ್ರೆ ನುಂಗಿ ಅಂಗಡೀಲೇ ಬಿದ್ದಿದ್ದೆ" ಎಂದರು ವಾಚಿನವರು. "ಇವನಿಗೆ ಇನ್ನೂ ಎಚ್ಚರ ಇದೆ, ನುಂಗ್ತಾನೆ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕೋ ಹಾಗಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಆಗ ನೇರ ಆಸ್ಪತ್ರೆಗೇ ಓಡಬೇಕು. ಕೈ ತೆಗೀರಿ."

ದೊಡ್ಡಕ್ಕ ಕೈ ತೆಗೆಯಲಿಲ್ಲ. ಅವಳ ಕಣ್ಣಿಗೆ ಅವ್ವನ ಕಾಲು ಕಾಣುತ್ತಿತ್ತು. ಅಷ್ಟರಲ್ಲಿ ತಮ್ಮ ತಲೆ ಎತ್ತಿ ಅವಳನ್ನೇ ನೋಡಿ, "ಅವ್ವ, ಹಸಿವಾಗ್ತಿದೆ" ಎಂದ.

ಅಕ್ಕನನ್ನು ಅವನು ಗುರುತು ಹಿಡಿದಿರಲಿಲ್ಲ.

ಅವಳು ಅಂಗೈ ತೆಗೆದಳು. ಲೋಟವನ್ನು ತಾನೇ ಇಸಿದುಕೊಂಡು, ಅವನ ತಲೆಯನ್ನು ತನ್ನ ತೋಳಿಗೆ ಒರಗಿಸಿ, ಗುಟುಕು ಗುಟುಕಾಗಿ ಕುಡಿಸಿದಳು.

"ಕಾಲು ಗಂಟೆ ನೋಡೋಣ" ಎಂದರು ವಾಚಿನವರು. "ಸರಿ ಹೋಗದಿದ್ರೆ ಇನ್ನೊಂದು ಸಲ ಕೊಟ್ಟು, ಆಟೋ ಕರೆಯೋಣ."

ನಿಧಾನವಾಗಿ ಅವನ ಬೆವರು ನಿಂತಿತು. ತುಟಿಗೆ ಬಣ್ಣ ಬಂತು. ಬೆರಳುಗಳು ನಡುಗುವುದನ್ನು ಬಿಟ್ಟವು. ಅವನು ಸುತ್ತ ನೋಡಿ, "ನನ್ನ ಕುರ್ಚೀಲಿ ನಾನ್ಯಾಕೆ ಕೂತಿದ್ದೀನಿ?" ಎಂದ. ಆಮೇಲೆ ವಾಚಿನವರ ಮುಖ ನೋಡಿದ. ಒಂದು ಕಡೆ ನುಣುಪು, ಇನ್ನೊಂದು ಕಡೆ ಒಣಗಿದ ನೊರೆ.

"ಇದು ಯಾರು ಮಾಡಿದ ಕೆಲಸ?"

"ನಮ್ಮ ಬೀದೀಲಿ ಒಬ್ಬ ಇದ್ದಾನೆ. ಕೈ ಒಳ್ಳೇದು, ಹೊಟ್ಟೆ ಖಾಲಿ" ಎಂದರು ವಾಚಿನವರು.

ದೊಡ್ಡಕ್ಕನಿಗೆ ನಗು ಬಂತು. ನಗುತ್ತಲೇ ಅಳು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದು ಕೂತಳು. ಸಕ್ಕರೆ ನೀರು ಬೇಗ ಕರಗಿಹೋಗುತ್ತದೆ, ಹಿಂದೆಯೇ ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಬೀಳಬೇಕು ಎಂದು ವಾಚಿನವರು ಹೇಳಿದರು. ಟೀ ಅಂಗಡಿಯವನು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದಿಟ್ಟ. ಅಂಗಡಿಯವನು ತಿನ್ನುವುದನ್ನು ಅಕ್ಕ ಕೊನೆಯ ತುತ್ತಿನ ತನಕ ನೋಡಿದಳು.

ಆಮೇಲೆ ಹೆಂಡತಿಯೂ ಬಂದಳು. ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸಮ್ಮ ಬೆರಳಿಗೆ ಸೂಜಿ ಚುಚ್ಚಿ ನೋಡಿ, "ಈಗ ಪರವಾಗಿಲ್ಲ" ಎಂದರು. ಡಾಕ್ಟರು ನಡೆದದ್ದೆಲ್ಲ ಕೇಳಿಕೊಂಡು ಮಾತ್ರೆಯ ಅಳತೆ ಬದಲಿಸಿದರು. ಭಯಪಟ್ಟು ಮಾತ್ರೆಯನ್ನೇ ಬಿಡಬೇಡ, ಹೆಚ್ಚುಕಮ್ಮಿ ಮಾಡುವುದಿದ್ದರೆ ನನ್ನನ್ನು ಕೇಳಿ ಮಾಡು ಎಂದು ಎಚ್ಚರಿಸಿದರು.

ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ದೊಡ್ಡಕ್ಕ ನರ್ಸಮ್ಮನ ಎದುರಿನ ಬೆಂಚಿನಲ್ಲಿ ಕೂತಳು. "ನಾನು ಲೋಟಕ್ಕೆ ಕೈ ಅಡ್ಡ ಹಿಡಿದೆ ಕಣಮ್ಮ."

"ಉಳಿಸಬೇಕು ಅಂತಾನೇ ಹಿಡಿದ್ರಿ. ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ."

"ಹಾಗಾದ್ರೆ ಇವನು ಎಲ್ಲಾ ತಿನ್ನಬಹುದಾ?"

"ಹೊತ್ತಿಗೆ ಸರಿಯಾಗಿ ತಿನ್ನಬೇಕು. ತಟ್ಟೇಲಿ ಅರ್ಧ ತರಕಾರಿ ಇರಲಿ. ಉಳಿದ ಅರ್ಧದಲ್ಲಿ ಒಂದು ಪಾಲು ಬೇಳೆಯೋ ಮೊಟ್ಟೆಯೋ, ಇನ್ನೊಂದು ಪಾಲು ಅನ್ನವೋ ರೊಟ್ಟಿಯೋ. ಸಿಹಿ ತಿಂಡಿ, ಸಕ್ಕರೆ ಹಾಕಿದ ಪಾನೀಯ ದಿನಾ ಬೇಡ. ಆದ್ರೆ ಜೇಬಲ್ಲಿ ಯಾವಾಗಲೂ ನಾಲ್ಕು ಚಮಚದಷ್ಟು ಸಕ್ಕರೆ ಪೊಟ್ಟಣ ಕಟ್ಟಿಟ್ಟುಕೊಂಡಿರಲಿ. ಅದು ತಿಂಡಿ ಅಲ್ಲ, ಔಷಧಿ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಸುಮ್ಮಸುಮ್ಮನೆ ಸಿಟ್ಟು ಬಂದಾಗ ಬಾಯಿಗೆ ಹಾಕ್ಕೊಳ್ಳೋದು."

ದೊಡ್ಡಕ್ಕ ಇಷ್ಟು ದಿನ ಯಾರನ್ನೂ ಕೇಳದ ಮಾತನ್ನು ಕೇಳಿದಳು. "ನಮ್ಮವ್ವನ ಹಾಗೆ ಇವನ ಕಾಲೂ ಹೋಗುತ್ತಾ?"

ನರ್ಸಮ್ಮ ಅಂಗಡಿಯವನ ಚಪ್ಪಲಿ ಬಿಚ್ಚಿಸಿ, ಕಣ್ಣು ಮುಚ್ಚಿಕೋ ಎಂದು, ನೈಲಾನ್ ಎಳೆಯೊಂದರಿಂದ ಪಾದದ ಅಲ್ಲಲ್ಲಿ ಮುಟ್ಟುತ್ತಾ ಹೋದರು. "ಇಲ್ಲಿ ಗೊತ್ತಾಗುತ್ತಾ?"

"ಹೂಂ."

"ಇಲ್ಲಿ?"

"ಹೂಂ. ಕಚಗುಳಿ ಆಗುತ್ತೆ."

"ಕಚಗುಳಿ ಆಗೋ ಕಾಲಿಗೆ ಜೀವ ಚೆನ್ನಾಗಿದೆ" ಎಂದರು ನರ್ಸಮ್ಮ. "ಶುಗರ್ ಹತೋಟೀಲಿ ಇಟ್ಟುಕೊಂಡು, ದಿನಾ ಪಾದ ನೋಡಿಕೊಂಡ್ರೆ ಕಾಲು ಉಳಿಸಿಕೊಳ್ಳಬಹುದು. ತೊಳೆದು ಬೆರಳ ಸಂದೀಲಿ ಒರೆಸಲಿ. ಬರಿಗಾಲಲ್ಲಿ ಓಡಾಡೋದು ಬೇಡ. ಸಣ್ಣ ಗಾಯ ಆದ್ರೂ ಇಲ್ಲಿಗೆ ಬರಲಿ. ನಿಮ್ಮವ್ವನ ಕಾಲದಲ್ಲಿ ಇದನ್ನೆಲ್ಲ ನಿಮಗೆ ಹೇಳೋರು ಇರಲಿಲ್ಲ."

ದೊಡ್ಡಕ್ಕ ಬಗ್ಗಿ ತಮ್ಮನ ಪಾದ ಹಿಡಿದು ಬೆರಳು ಬೆರಳೂ ಬಿಡಿಸಿ ನೋಡಿದಳು. ಎಲ್ಲೂ ಗಾಯವಿರಲಿಲ್ಲ. ಎಷ್ಟೋ ವರ್ಷದಿಂದ ಎದೆಯಲ್ಲಿ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಅವಳು ಆ ಬೆಂಚಿನ ಮೇಲೆ ಬಿಟ್ಟಳು.

ಮನೆಗೆ ಬರುವ ದಾರಿಯಲ್ಲಿ ಅವಳು ತಮ್ಮನ ಹೆಂಡತಿಯ ಕೈ ಹಿಡಿದುಕೊಂಡಳು. "ಅವತ್ತು ನೀನು ಕೇಳಿದ್ದೇ ಸರಿ ಇತ್ತು. ನಾಳೆಯಿಂದ ತಿಂಡಿ ನೀನೇ ಹಾಕು."

ಈಗ ಅಂಗಡಿಯವನು ಸಂಜೆ ಹೊತ್ತು ವಾಚಿನವರ ಜೊತೆ ಅರ್ಧ ಗಂಟೆ ಬಿರುಸಾಗಿ ನಡೆಯುತ್ತಾನೆ. ಮೂರು ತಿಂಗಳ ಶುಗರ್ ತೋರಿಸುವ ಪರೀಕ್ಷೆ ಮೊನ್ನೆ ಆಯಿತು. ಹತೋಟಿಗೆ ಬಂದಿದೆ ಎಂದರು ಡಾಕ್ಟರು. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ ಪರೀಕ್ಷೆಯನ್ನೂ ಮರೆಯಬೇಡ ಎಂದಿದ್ದಾರೆ. ದೊಡ್ಡಕ್ಕನ ಜೋರು ಕಡಿಮೆಯೇನೂ ಆಗಿಲ್ಲ, ದಿಕ್ಕು ಬದಲಾಗಿದೆ ಅಷ್ಟೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದು ಬಾಗಿಲಲ್ಲೇ ನಿಲ್ಲುತ್ತಾಳೆ. ಮೊನ್ನೆ ಒಬ್ಬ ಗಿರಾಕಿ ಅವಸರ ಮಾಡಿದ.

"ಕೂತ್ಕೊಳ್ಳಿ" ಎಂದಳು ಅವಳು. "ಅವನ ಊಟ ಮುಗೀಲಿ. ನಿಮ್ಮ ಕೂದಲು ಎಲ್ಲಿಗೂ ಓಡಿಹೋಗಲ್ಲ."

ಓದುತ್ತಿರುವ, ಕೇಳುತ್ತಿರುವ ಬಂಧುಗಳೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆ ಇರುವವರು ಇರಬಹುದು. ಅದು ಮನೆಯನ್ನು ಹೆದರಿಸಿ ಕೂರಿಸಬೇಕಾದ ಕಾಯಿಲೆಯಲ್ಲ. ಹೊತ್ತಿಗೆ ಊಟ, ಡಾಕ್ಟರು ಹೇಳಿದ ಹಾಗೆ ಮಾತ್ರೆ, ದಿನಕ್ಕಿಷ್ಟು ನಡಿಗೆ, ತಪ್ಪದೆ ಪರೀಕ್ಷೆ, ಇಷ್ಟಿದ್ದರೆ ಅದರ ಜೊತೆಗೇ ನೆಮ್ಮದಿಯಾಗಿ ಬಾಳಬಹುದು. ಶುಗರ್ ಏರಿದರೆ ಏನಾಗುತ್ತದೆ ಎಂದು ತಿಳಿದಿರುವಂತೆ, ಇಳಿದರೆ ಏನು ಮಾಡಬೇಕೆಂದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಲಿ. ಸಂಶಯವಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ, ಸಂಕೋಚ ಬೇಡ.

ಇವತ್ತು ನಿಮ್ಮ ಮನೆಯ ಸಕ್ಕರೆ ಕಾಯಿಲೆಯವರು ಎದುರು ಸಿಕ್ಕಾಗ "ಊಟ ಆಯ್ತಾ?" ಎಂದು ಕೇಳಿ. ದಿನವೂ ಬಾಯಿಮಾತಿಗೆ ಕೇಳುವ ಮಾತೇ ಅದು. ಈ ಸಲ ಉತ್ತರ ಬರುವ ತನಕ ನಿಂತು ಕೇಳಿ.