ಬಿಳಿ ಬಳಿದ ಬಲೂನು

ಪರದೆಯಲ್ಲೊಂದು ಸುಕ್ಕು, ಸರಿಯಾಗಿ ಚಿತ್ರದ ಹುಡುಗಿಯ ಮೂಗಿನ ಮೇಲೇ, ಇಷ್ಟು ದೊಡ್ಡ ಸಭಾಂಗಣ ಕಟ್ಟಿದವರಿಗೆ ಪರದೆ ಎಳೆದು ಕಟ್ಟಲು ಬರುವುದಿಲ್ಲವೇ, ನನ್ನ ಕೈಗೆ ಬಿಟ್ಟಿದ್ದರೆ ಅದನ್ನೂ ತಿದ್ದುತ್ತಿದ್ದೆ, ನಲವತ್ತು ವರ್ಷ ಮಾಡಿದ್ದೇ ಅದು, ಚಿತ್ರಕಥೆ ಪತ್ರಿಕೆಯ ಸಂಪಾದಕನೆಂದರೆ ಮತ್ತೇನು, ಬೇರೆಯವರು ಬಿಡಿಸಿದ ಮೂಗನ್ನು ನೆಟ್ಟಗೆ ಮಾಡುವವನು, ಸನ್ಮಾನಕ್ಕೆಂದು ತೊಟ್ಟ ಈ ಹೊಸ ಅಂಗಿಯ ಕಾಲರ್ ಬೇರೆ, ಕತ್ತು ತುರಿಸುತ್ತಿದೆ, ನಿರೂಪಕಿ ಹೇಳುತ್ತಲೇ ಇದ್ದಾಳೆ, ಮುಚ್ಚಿದ ಬಾಗಿಲ ಮುಂದೆ ಒಬ್ಬ ಹುಡುಗಿ, ಅವಳ ಮಾತಿನ ಬಲೂನು ಖಾಲಿ, ಒಂದಿಡೀ ಪೀಳಿಗೆಗೆ ಮೌನ ಕಲಿಸಿದ ಚಿತ್ರ ಇದು — ಕಲಿಸಿದೆನಂತೆ, ಮಣ್ಣು — ಮೂರನೇ ಸಾಲಿನಲ್ಲಿ ಅಕ್ಷರದಕ್ಕ ಕೂತಿದ್ದಾಳೆ. ಹೌದು, ಅವಳೇ, ಕೂದಲು ಬೆಳ್ಳಗಾಗಿದೆ, ನಮ್ಮ ಕಚೇರಿಯಲ್ಲಿ ಬಲೂನಿನೊಳಗೆ ಅಕ್ಷರ ಬರೆಯುವಾಗ ಹೀಗೇ ಕತ್ತು ವಾಲಿಸುತ್ತಿದ್ದಳು. ಈ ಹುಡುಗಿಯ ಹಳೇ ಮಾತು ಸಪ್ಪೆಯಾಗಿದೆ, ಬಿಳಿ ಬಣ್ಣ ಬಳಿದುಬಿಡಮ್ಮ, ಹೊಸದು ಬರೆದು ಕೊಡ್ತೀನಿ ಅಂದೆ, ಬರೆದೆ, ಚೀಟಿ ಅಂಗಿಯ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದೆ, ಮರೆತೆ, ಸಾರ್ ಆ ಬಲೂನು ಎಂದು ಎರಡು ಸಲ ಬಂದು ಕೇಳಿದಳು, ಕೊಟ್ಟಾಯ್ತಲ್ಲ, ತಲೆ ತಿನ್ಬೇಡ ಹೋಗಮ್ಮ. ಪುಟ ಹಾಗೇ ಅಚ್ಚಾಯಿತು. ಮಾಲೀಕರು ಪತ್ರಿಕೆಯನ್ನು ಮೇಜಿಗೆ ಬಡಿದು ಯಾರ್ರೀ ಇದು ಅಂದಾಗ ಅಕ್ಷರದಕ್ಕ ಅಂದುಬಿಟ್ಟೆ, ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವಳ ಕೆಲಸ ಹೋಯಿತು, ಕುಂಚ ತೊಳೆದು ಒರೆಸಿ ಡಬ್ಬಿಯಲ್ಲಿಟ್ಟು ಹೋದಳು. ಅವತ್ತೇ ಮನೆಯಲ್ಲಿ ಹೆಂಡತಿ ಅಂಗಿ ಒಗೆಯಲು ತೆಗೆದು, ರೀ ಜೇಬಲ್ಲಿ ಇದೇನು ಚೀಟಿ, ಒಳಗೆ ಯಾರಿದ್ದೀರಿ ಅಂತ ಬರ್ದಿದೆ — ಏನಿಲ್ಲ ಕಣೇ, ಬಿಸಾಕು. ಮಾರನೇ ದಿನವಾದರೂ ಹೇಳಬಹುದಿತ್ತು. ವಾರ ಕಳೆಯುವುದರೊಳಗೆ ಕಾಗದಗಳು, ಚೀಲಗಟ್ಟಲೆ, ಬೇಕೆಂದೇ ಖಾಲಿ ಬಿಟ್ಟದ್ದೆಂದುಕೊಂಡು ಓದುಗರು ಒಬ್ಬೊಬ್ಬರೂ ಆ ಹುಡುಗಿಗೆ ಒಂದೊಂದು ಮಾತು ಬರೆದು ಕಳಿಸಿದ್ದರು, ಎಂಥಾ ತಲೆ ರೀ ನಿಮ್ದು ಎಂದು ಮಾಲೀಕರು ಬೆನ್ನು ತಟ್ಟಿದರು, ನಾಚಿಕೆಯಿಂದ ತಲೆ ತಗ್ಗಿಸಿದೆ, ವಿನಯ ಅಂದುಕೊಂಡರು, ಅಲ್ಲಿಂದ ಮುಂದೆ ಎಲ್ಲ ಮೇಲಕ್ಕೇ.

ಮೈಕು, ನಿರೂಪಕಿ ಚಾಚಿದ್ದಾಳೆ. ಇವತ್ತಾದ್ರೂ ಹೇಳಿಬಿಡಿ ಸಾರ್, ಆ ಹುಡುಗಿ ಏನಂತಿದ್ಲು — ಹೇಳುತ್ತೇನೆ, ಹೇಳಲೇಬೇಕು, ಅಕ್ಕ ತಪ್ಪು ನಂದು, ಮೂರೇ ಪದ, ಅವಳು ಕನ್ನಡಕ ತೆಗೆದು ಒರೆಸುತ್ತಿದ್ದಾಳೆ, ಕುಂಚ ಒರೆಸಿದ ಹಾಗೆಯೇ, ಬಾಯಿ ತೆರೆದಿದ್ದೇನೆ, ಮೊದಲ ಪದವೇ ಇನ್ನೂ ಹೊರಟಿಲ್ಲ, ಬೆಳಕು ಕಣ್ಣಿಗೇ ಹೊಡೆಯುತ್ತಿದೆ, ಯಾರೋ ವಾಹ್ ಅಂದರು, ಎಲ್ಲೋ ಒಂದು ಚಪ್ಪಾಳೆ, ಈಗ ಇಡೀ ಸಭೆ, ಎದ್ದು ನಿಂತು ತಟ್ಟುತ್ತಿದ್ದಾರೆ, ಅಯ್ಯೋ ಇದು ಉತ್ತರವಲ್ಲ, ನಿಲ್ಲಿಸಿ, ಎದ್ದವರ ಸಂದಿಯಲ್ಲಿ ಅವಳೊಬ್ಬಳು ಕೂತೇ ಇದ್ದಾಳೆ, ಕೈ ಮಡಿಲಲ್ಲಿ, ನನ್ನ ತಲೆಯ ಮೇಲಕ್ಕೆ ನೋಡುತ್ತಿದ್ದಾಳೆ, ಅಲ್ಲಿ ಹಿಂದಿನ ಪರದೆಯಲ್ಲಿ ಬಲೂನಿನ ಬಾಲ ನೇರ ನನ್ನ ಬಾಯಿಗೇ ಇಳಿದಿದೆ, ಒಳಗೆ ಬಿಳಿ, ಅವಳೇ ಬಳಿದ ಬಿಳಿ