ಅಣ್ಣನ ಸೈಕಲ್ ಬಿಚ್ಚಿದ ದಿನ

ಇಸ್ತ್ರಿಯಮ್ಮನ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಓಣಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ, ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕಿದವಳು ಅವಳು. ಮಡಿಸಿದ ಬಟ್ಟೆ ಮನೆಮನೆಗೆ ಮುಟ್ಟಿಸಲು ಹೋದ ಮಗ, ಇಳಿಜಾರಿನಲ್ಲಿ ಸೈಕಲ್ ನಿಲ್ಲದೆ ಲಾರಿಗೆ ಸಿಕ್ಕಿ ತೀರಿಕೊಂಡ. ಅಂದಿನಿಂದ ಮಗಳು ಪುಟ್ಟಿ ಶಾಲೆಯ ಕಡೆ ತಲೆ ಹಾಕಲಿಲ್ಲ. ಕರೆದರೆ "ಹೂಂ" ಅನ್ನುವಳು, ಅಷ್ಟೆ.

ಒಂದು ಸಂಜೆ ಪಕ್ಕದ ಮನೆಯ ನರ್ಸಮ್ಮ ಸೀರೆ ಕೊಡಲು ಬಂದವರು ಮಾತೆತ್ತಿದರು.

"ಅಕ್ಕಾ, ಹಳೇ ಗೋಡೌನಲ್ಲಿ ಸೈಕಲ್ ಶೆಡ್ ಶುರು ಮಾಡಿದಾರೆ. ಓದು ಬಿಟ್ಟ ಮಕ್ಕಳು, ಹೇಳೋರು ಕೇಳೋರು ಇಲ್ಲದ ಮಕ್ಕಳು, ಎಲ್ಲ ಬರ್ತಾರೆ. ಜನ ಮೂಲೆಗೆ ಹಾಕಿದ ಸೈಕಲ್ ತಂದು ರಿಪೇರಿ ಕಲಿಸ್ತಾರೆ, ಬಿಟ್ಟಿಯಾಗಿ. ಸರಿ ಮಾಡಿದ ಸೈಕಲ್ ಅವರಿಗೇ. ಪುಟ್ಟೀನ ಕಳಿಸಿ."

ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ನೀವೇ ಹೀಗಂದ್ರೆ ಹೇಗೆ ನರ್ಸಮ್ಮ? ಒಬ್ಬನ್ನ ನುಂಗಿದ್ದು ಸಾಲದಾ ಆ ಸೈಕಲ್ಲಿಗೆ?"

"ಮನೆಯೊಳಗೆ ಕೂರಿಸಿ ಇವಳನ್ನ ಉಳಿಸಿಕೊಂಡೆ ಅಂದ್ಕೊಂಡಿದೀರಾ? ಒಂದ್ಸಲ ಅವಳ ಮುಖ ನೋಡಿ."

ಆಗ ಒಳಗಿನಿಂದ ಪುಟ್ಟಿಯ ದನಿ ಕೇಳಿತು. "ಅಮ್ಮಾ, ನಾನು ಹೋಗ್ತೀನಿ. ಅಣ್ಣನ ಬ್ರೇಕ್ ಯಾಕೆ ಹಿಡೀಲಿಲ್ಲ ಅಂತ ನಂಗೆ ಗೊತ್ತಾಗಬೇಕು."

ಅಷ್ಟುದ್ದ ಮಾತು ಮಗಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ. ತಾಯಿ ಒಪ್ಪಿಕೊಂಡಳು.

ಭಾನುವಾರ ತಾನೂ ಹೋದಳು, ಸರಿಕಾಣದಿದ್ದರೆ ಕೈಹಿಡಿದು ಎಳೆದು ತರುವುದೆಂದು. ಶೆಡ್ಡಿನಲ್ಲಿ ಗ್ರೀಸ್ ವಾಸನೆ, ತಲೆಕೆಳಗಾಗಿ ನಿಂತ ಸೈಕಲ್‌ಗಳು. ಒಬ್ಬಳು ಟ್ಯೂಬನ್ನು ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಳು.

"ಇಲ್ಲಿ ಮೊದಲ ಪಾಠ ಬ್ರೇಕು," ಅಂದರು ಕಲಿಸುವ ಮೇಷ್ಟ್ರು. "ಅದು ಬರೋವರೆಗೆ ಪೆಡಲ್ ಮುಟ್ಟೋ ಹಾಗಿಲ್ಲಮ್ಮ. ರಸ್ತೆಗೆ ಹೋದ್ರೂ ಹೆಲ್ಮೆಟ್ ಹಾಕ್ಕೊಂಡು, ಗುಂಪಾಗಿ."

ಪುಟ್ಟಿಯನ್ನು ಅಲ್ಲೇ ಬಿಟ್ಟು ತಾಯಿ ಒಬ್ಬಳೇ ಮನೆಗೆ ಮರಳಿದಳು.

ಕೆಲವು ವಾರ ಕಳೆದ ಮೇಲೆ ಪುಟ್ಟಿ ಹಿತ್ತಲಿನಲ್ಲಿ ಬಿದ್ದಿದ್ದ ಅಣ್ಣನ ಸೈಕಲ್ಲಿನ ಮೇಲಿಂದ ಟಾರ್ಪಾಲು ತೆಗೆದಳು. ಬ್ರೇಕ್ ಬಿಚ್ಚಿ ಅಮ್ಮನ ಅಂಗೈಯಲ್ಲಿಟ್ಟಳು.

"ನೋಡಮ್ಮಾ. ರಬ್ಬರ್ ಪೂರ್ತಿ ಸವೆದಿದೆ. ಬರೀ ಕಬ್ಬಿಣ ಉಜ್ಜಿದೆ."

"ಇಷ್ಟೇನಾ?" ತಾಯಿ ಅದನ್ನು ತಿರುಗಿಸಿ ನೋಡಿದಳು. "ಇಷ್ಟು ಚೂರು ರಬ್ಬರಿಗೆ ನನ್ನ ಮಗ ಹೋದನಾ?"

"ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಮ್ಮಾ."

ಇಬ್ಬರೂ ಅಲ್ಲೇ ಮಣ್ಣಿನ ಮೇಲೆ ಕುಸಿದು ಅತ್ತರು. ಅವನು ಹೋದ ಮೇಲೆ ತಾಯಿ ಮಗಳು ಒಟ್ಟಿಗೆ ಅತ್ತದ್ದು ಅದೇ ಮೊದಲು.

ಆ ಸೈಕಲ್ ಶೆಡ್ಡಿಗೆ ಹೋಯಿತು. ಹೊಸ ರಬ್ಬರು, ಬೇರೆ ಚಕ್ರ. ಅದರಲ್ಲೇ ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ಭಾನುವಾರ ಹೊಸಬರಿಗೆ ಬ್ರೇಕ್ ಪಾಠ ಹೇಳುತ್ತಾಳೆ. ಅವಳು ವಾಪಸ್ ಬರುವವರೆಗೆ ಇಸ್ತ್ರಿಯಮ್ಮನಿಗೆ ಜೀವದಲ್ಲಿ ಜೀವ ಇರುವುದಿಲ್ಲ. ಆದರೂ ಕಳಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ ಇದ್ದರೆ ಇಂಥ ಶೆಡ್ಡಿಗೆ ಕೊಡಿ. ಮಂಕಾಗಿ ಕೂತ ಮಕ್ಕಳಿದ್ದರೆ ನೀವೇ ಜೊತೆಗೆ ಹೋಗಿ ಬಿಟ್ಟುಬನ್ನಿ. ಶೆಡ್ ಇಲ್ಲದ ಊರಾದರೆ ನಾಲ್ಕು ಜನ ಸೇರಿ ಒಂದು ಶುರು ಮಾಡಿ. ಬ್ರೇಕ್ ಸವೆದದ್ದನ್ನು ಯಾವ ತಾಯಿಯೂ ತಡವಾಗಿ ತಿಳಿಯುವಂತಾಗದಿರಲಿ.