ಸೇತುವೆಯಾಚೆಯವರ ದರ

ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಅದಕ್ಕೆ ಎರಡು ದಿನ ಮೊದಲು ನನ್ನ ಚಿಕ್ಕಣ್ಣ ಉರ್ಹೊ ಅಂಗಡಿಗೆ ಬಂದ. ಇಪ್ಪತ್ತೆರಡು ವರ್ಷದಿಂದ ಆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಹಗ್ಗ, ತೋಟಾಗಳ ಜೊತೆಗೆ ಬೇಟೆಯ ಮತ್ತು ಮೀನು ಹಿಡಿಯುವ ಲೈಸೆನ್ಸುಗಳನ್ನೂ ಮಾರುತ್ತಿರುವವಳು ನಾನೇ.

ಉರ್ಹೊ ಹುಟ್ಟಿ ಬೆಳೆದದ್ದು ಮಿಷಿಗನ್ ರಾಜ್ಯದಲ್ಲಿ, ಹೊಳೆಯ ಈ ದಂಡೆಯಲ್ಲಿ. ಏಪ್ರಿಲಿನಲ್ಲಿ ಅವನ ಹೆಂಡತಿ ಲೊರೇನ್‌ಳ ಮರೆವಿನ ಕಾಯಿಲೆ ಬಲಿತಿತು. ಹೊಳೆಯಾಚೆ ವಿಸ್ಕಾನ್ಸಿನ್ ರಾಜ್ಯದ ಆರೈಕೆ ಮನೆಯಲ್ಲಿ ಅವಳಿಗೆ ಜಾಗ ಸಿಕ್ಕಿತು. ಇವನು ಮನೆ ಮಾರಿ ಅದರ ಎದುರಿಗೇ ಒಂದು ಕೋಣೆ ಹಿಡಿದ. ನಡುವೆ ಇರುವುದು ಒಂದು ಸೇತುವೆ ಅಷ್ಟೆ.

ಆ ವರ್ಷವೇ ಲೈಸೆನ್ಸಿನ ದರ ಬದಲಾಯಿತು. ನಮ್ಮ ರಾಜ್ಯದವರಿಗೆ ಸ್ವಲ್ಪ ಏರಿತು, ಹೊರಗಿನವರಿಗೆ ದುಪ್ಪಟ್ಟಾಯಿತು. ಕಾಡು ಕಾಯುವವರ ಸಂಬಳಕ್ಕೆ ದುಡ್ಡು ಎಲ್ಲಿಂದ ಬರಬೇಕು, ಹೊರಗಿನವರು ಕೊಡಲಿ ಎಂದು, ದರದ ಬಗ್ಗೆ ನಡೆದ ಸಭೆಯಲ್ಲಿ ಎದ್ದು ನಿಂತು ಹೇಳಿದವರಲ್ಲಿ ನಾನೂ ಒಬ್ಬಳು. ಆ ಹೊರಗಿನವರಲ್ಲಿ ನನ್ನ ಅಣ್ಣನೂ ಸೇರುತ್ತಾನೆಂದು ಆಗ ಹೊಳೆದಿರಲಿಲ್ಲ.

"ಯಾವತ್ತಿನ ಹಾಗೆ ಒಂದು ಕೊಡು ಹೆಲ್ಮಿ. ಕಾಫಿ ಇದ್ಯಾ, ಇಲ್ಲಾ ನಿನ್ನ ಜಿಪುಣ ಸಾಹುಕಾರ ಅದನ್ನೂ ನಿಲ್ಲಿಸಿದ್ನಾ?" ಎನ್ನುತ್ತಾ ಅವನು ತನ್ನ ಡ್ರೈವಿಂಗ್ ಲೈಸೆನ್ಸ್ ಮುಂದಿಟ್ಟ. ಅದರಲ್ಲಿ ಇನ್ನೂ ಹಳೆಯ ವಿಳಾಸವೇ ಇತ್ತು. ಯಂತ್ರಕ್ಕೆ ತೋರಿಸಿದ್ದರೆ ಊರವರ ದರದಲ್ಲೇ ಚೀಟಿ ಬರುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

"ಅಣ್ಣ, ನೀನೀಗ ಆ ಕಡೆಯವನಲ್ವಾ?" ಎಂದೆ.

"ಅರವತ್ತೊಂಬತ್ತು ವರ್ಷ ಈ ಕಡೆ ಇದ್ದೆ. ಏಳು ತಿಂಗಳಿಗೆ ಪರದೇಶಿ ಆಗ್ಬಿಟ್ನಾ?"

"ಇಲ್ಲಿಯವನು ಅಂತ ನಾನು ಬರೀಬೇಕಲ್ಲ, ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಬರೀಲಿ? ಹೊರಗಿನವರದ್ದೇ ತಗೋ. ಜಾಸ್ತಿ ಆಗೋದನ್ನ ನಾನು ಹಾಕ್ತೀನಿ."

ಆ ಕೊನೆಯ ಮಾತು ಆಡಬಾರದಿತ್ತು. ಅವನ ಮುಖ ಕಪ್ಪಿಟ್ಟಿತು.

"ನನ್ಹತ್ರ ದುಡ್ಡಿಲ್ಲ ಅಂದ್ನೇನೇ? ಹೊರಗಿನವನು ಅಂತ ನಿನ್ನ ಬಾಯಲ್ಲೇ ಬಂತಲ್ಲ, ಸಾಕು ಬಿಡು."

ಕಾಫಿ ಕುಡಿಯದೆ ಹೊರಟುಹೋದ.

ಸಂಜೆ ಮನೆಯಲ್ಲಿ, ನನ್ನ ಜೊತೆಗೇ ಇರುವ ದೊಡ್ಡಣ್ಣ ರೈನೊಗೆ ಎಲ್ಲ ಹೇಳಿದೆ. ಬಂದೂಕಿನ ನಳಿಗೆ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ನೀನು ಮಾಡಿದ್ದು ಸರಿ," ಎಂದ. ಒರೆಸುವ ಬಟ್ಟೆ ಕೆಳಗಿಟ್ಟು, "ಆದ್ರೆ ಅದನ್ನ ನನ್ನ ಬಾಯಿಂದ ಇನ್ನೊಂದು ಸಲ ಹೇಳಿಸಬೇಡ," ಎಂದ.

ಬೇಟೆ ಶುರುವಾದ ದಿನ, ಐವತ್ತು ವರ್ಷದಲ್ಲಿ ಮೊದಲ ಸಲ, ತಮ್ಮನಿಲ್ಲದೆ ರೈನೊ ಒಬ್ಬನೇ ಕಾಡಿಗೆ ಹೋದ. ಹತ್ತು ಗಂಟೆಗೇ ವಾಪಸ್ಸು ಬಂದ.

"ಜಿಂಕೆ ಬರ್ಲಿಲ್ವಾ?"

"ಬಂತು. ನೋಡು ಅಂತ ಯಾರಿಗೆ ಹೇಳ್ಲಿ?"

ಮೂರನೆಯ ದಿನ ಬೆಳಗ್ಗೆ ಹಿಮ ಬಿತ್ತು. ಆರೈಕೆ ಮನೆಯಲ್ಲಿ ಲೊರೇನ್ ಕಿಟಕಿಯಾಚೆ ನೋಡುತ್ತಾ ಕೂತಿದ್ದಳಂತೆ. ವಾರಗಟ್ಟಲೆ ಗಂಡನ ಗುರುತೇ ಹಿಡಿಯದಿದ್ದವಳು ಇದ್ದಕ್ಕಿದ್ದಂತೆ ತಿರುಗಿ, "ಬೇಟೆಗೆ ಹೋಗದೆ ಇಲ್ಲೇನು ಮಾಡ್ತಿದ್ದೀರಿ ಉರ್ಹೊ? ನಿಮ್ಮಣ್ಣ ಕಾಯ್ತಿರಲ್ವಾ?" ಎಂದಳಂತೆ. ಮತ್ತೆ ಕಿಟಕಿಯ ಕಡೆ ತಿರುಗಿದಳಂತೆ.

ಉರ್ಹೊ ಬಂದೂಕು ತರಲಿಲ್ಲ. ಬರಿಗೈಯಲ್ಲಿ ಸೇತುವೆ ದಾಟಿ ಬಂದು, ಬೇಟೆಗೆ ಕಾದು ಕೂರಲು ಅಪ್ಪ ಕಾಡಿನಲ್ಲಿ ಕಟ್ಟಿದ್ದ ಮರದ ಗೂಡಿನಲ್ಲಿ ರೈನೊನ ಪಕ್ಕ ಕೂತ. ಮಧ್ಯಾಹ್ನ ಒಂದು ಗಂಡು ಜಿಂಕೆ ಬಂತು. ಉರ್ಹೊ ಅಣ್ಣನ ಮೊಣಕೈ ಮುಟ್ಟಿ ತೋರಿಸಿದ, ರೈನೊ ಹೊಡೆದ. ಇಬ್ಬರು ಮುದುಕರೂ ಉಸ್ಸಪ್ಪಾ ಎನ್ನುತ್ತಾ ಅದನ್ನು ರಸ್ತೆಯವರೆಗೆ ಎಳೆದು ತಂದರು.

ಅಂದು ಸಂಜೆ ನಮ್ಮ ಮನೆಯಲ್ಲಿ ಈರುಳ್ಳಿ ಹಾಕಿ ಜಿಂಕೆಯ ಲಿವರ್ ಹುರಿದೆ. ಉರ್ಹೊ ಎರಡು ಸಲ ಹಾಕಿಸಿಕೊಂಡ, ನನ್ನೊಡನೆ ಮಾತ್ರ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಉಪ್ಪು ಜಾಸ್ತಿ ಆಗಿತ್ತು," ಎಂದ. ಅಷ್ಟು ಕೇಳಿದ್ದೇ ನನಗೆ ಅಳು ಬಂತು.

ಲೊರೇನ್ ಫೆಬ್ರವರಿಯಲ್ಲಿ ತೀರಿಕೊಂಡಳು. ಚಳಿಗೆ ಹೆಪ್ಪುಗಟ್ಟಿದ್ದ ನೆಲ ಸಡಿಲವಾದ ಮೇಲೆ ಅವಳನ್ನು ಆ ದಂಡೆಯಲ್ಲೇ ಮಣ್ಣು ಮಾಡಿದೆವು. "ಇನ್ನೇನಿದೆ ಅಲ್ಲಿ? ಮನೆಗೆ ಬಾ. ಮತ್ತೆ ಇಲ್ಲಿಯವನೇ ಆಗ್ತೀಯ," ಎಂದು ರೈನೊ ಕರೆದ.

"ಅವಳಿದ್ದಾಳಲ್ಲ," ಎಂದ ಉರ್ಹೊ.

ಅವನು ಅಲ್ಲೇ ಉಳಿದ. ಲೈಸೆನ್ಸ್ ಬೇಕೆಂದು ಮತ್ತೆ ನನ್ನನ್ನು ಕೇಳಲಿಲ್ಲ, ಬೇಕೇ ಎಂದು ನಾನೂ ಕೇಳಿಲ್ಲ. ಈಗ ರೈನೊನ ಕಣ್ಣು ಮಂಜು. ಬೇಟೆಯ ದಿನಗಳಲ್ಲಿ ಇಬ್ಬರೂ ಗೂಡಿನಲ್ಲಿ ಕೂತು ಬರುವುದೇ ಹೆಚ್ಚು, ಗುಂಡಿನ ಸದ್ದು ಕೇಳುವುದು ಅಪರೂಪ. ನಾನು ಮೂವರಿಗೆ ಅಡುಗೆ ಮಾಡಿಡುತ್ತೇನೆ.